ಹಾಲು ಬಿಡಿಸಿದ ರೀತಿಯಿಂದ ಮಗುವಿನ ಸ್ವಭಾವ ನಿರ್ಧಾರವಾಗುತ್ತದೆಯೇ?

ಪ್ರಶ್ನೆ: ನಾನು ಬಿ.ಎಡ್. ವಿದ್ಯಾರ್ಥಿನಿ, ಮೂರು ವರ್ಷದ ಗಂಡುಮಗುವಿನ ತಾಯಿ. ಮನೋವಿಜ್ಞಾನದ ಪರೀಕ್ಷೆಗೆ ಓದುವಾಗ ಫ್ರಾಯ್ಡ್ ಹೇಳಿದ ಬೆಳವಣಿಗೆಯ ಹಂತಗಳ ಪಾಠ ಬಂತು. ಅಂದಿನಿಂದ ನನಗೆ ಸಮಾಧಾನವಿಲ್ಲ. ಮಗನಿಗೆ ಒಂದೂಮುಕ್ಕಾಲು ವರ್ಷವಾದಾಗ ಅತ್ತೆಯವರ ಮಾತಿನಂತೆ ಬೇವಿನ ಎಲೆ ಅರೆದು ಹಚ್ಚಿಕೊಂಡು ಹಾಲು ಬಿಡಿಸಿದೆ; ನಾಲ್ಕೈದು ದಿನ ಬಹಳ ಅತ್ತ. ಚಡ್ಡಿಯಲ್ಲೇ ಮಾಡಿಕೊಂಡಾಗ ಗದರಿದ್ದೂ ಉಂಟು. ಈಗ ರಾತ್ರಿ ಅವನಪ್ಪ ನನ್ನ ಪಕ್ಕಕ್ಕೆ ಬಂದರೆ ಒದ್ದು ತಳ್ಳುತ್ತಾನೆ. ಇವೆಲ್ಲ ಅವನ ವ್ಯಕ್ತಿತ್ವದಲ್ಲಿ ಶಾಶ್ವತವಾಗಿ ಉಳಿಯುತ್ತವೆಯೇ? ಇನ್ನೊಂದು ಮಾತು: ನಮ್ಮ ಯಜಮಾನರು ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಒಣಗಿಸಿ, ಮಡಚಿ ಕಟ್ಟಿಡುತ್ತಾರೆ, ದಿನದ ಲೆಕ್ಕ ಬರೆಯದೆ ಮಲಗುವುದಿಲ್ಲ, ಒಮ್ಮೆ ಬೇಡವೆಂದರೆ ಯಾರು ಹೇಳಿದರೂ ಬೇಡವೇ. ಪಠ್ಯದಲ್ಲಿರುವ ‘ಗುದ ಹಂತದ ವ್ಯಕ್ತಿತ್ವ’ ಎಂದರೆ ಇದೇ ಏನು?

ಉತ್ತರ: ನಿಮ್ಮ ಆತಂಕಕ್ಕೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ, ವಿವರ ಆಮೇಲೆ. ಬೇವಿನ ಕಹಿಯಿಂದಾಗಲಿ, ಆಗೊಮ್ಮೆ ಈಗೊಮ್ಮೆ ಗದರಿದ್ದರಿಂದಾಗಲಿ ನಿಮ್ಮ ಮಗ ಮುಂದೆ ಇಂಥವನೇ ಆಗುತ್ತಾನೆ ಎನ್ನಲು ಆಧಾರವಿಲ್ಲ. ಪರೀಕ್ಷೆಗೆ ಓದುವವರಿಗೆ ಈ ಸಿದ್ಧಾಂತ ಸಾಮಾನ್ಯವಾಗಿ ಒಂದು ಕೋಷ್ಟಕದ ರೂಪದಲ್ಲಿ ಸಿಗುತ್ತದೆ: ಎಡಗಡೆ ವಯಸ್ಸು, ನಡುವೆ ಹಂತದ ಹೆಸರು, ಬಲಗಡೆ ಆ ಹಂತದಲ್ಲಿ ಎಡವಟ್ಟಾದರೆ ದೊಡ್ಡವರಾದ ಮೇಲೆ ಕಾಣುವ ಸ್ವಭಾವ. ಎಡದಿಂದ ಬಲಕ್ಕೆ ಓದಿದರೆ ಅದು ಜಾತಕದಂತೆ ಕಾಣುತ್ತದೆ. ಆದರೆ ಫ್ರಾಯ್ಡ್ ಅದನ್ನು ಕಟ್ಟಿದ್ದು ಬಲದಿಂದ ಎಡಕ್ಕೆ, ಅಂದರೆ ದೊಡ್ಡವರ ನರಳಾಟದಿಂದ ಹೊರಟು ಅವರ ಬಾಲ್ಯದ ಕಡೆಗೆ. ನಿಮ್ಮ ಭಯದ ಬಹುಪಾಲು ಹುಟ್ಟಿರುವುದು ಈ ದಿಕ್ಕಿನ ಗೊಂದಲದಿಂದ.

ಸಿದ್ಧಾಂತದಲ್ಲಿ ಏನಿದೆ ಎಂಬುದನ್ನು ಮೊದಲು ಸರಿಯಾಗಿ ತಿಳಿಯೋಣ. ಸಿಗ್ಮಂಡ್ ಫ್ರಾಯ್ಡ್ (1856–1939) ವಿಯೆನ್ನಾದಲ್ಲಿ ನರರೋಗಗಳ ವೈದ್ಯರಾಗಿದ್ದರು. ಲೈಂಗಿಕತೆಯ ಬಗ್ಗೆ 1905ರಲ್ಲಿ ಪ್ರಕಟಿಸಿದ ಮೂರು ಪ್ರಬಂಧಗಳಲ್ಲಿ ಅವರು, ಸುಖವನ್ನು ಅರಸುವ ಒಂದು ಮೂಲ ಪ್ರೇರಣೆ ಹುಟ್ಟಿನಿಂದಲೇ ಮನುಷ್ಯನಲ್ಲಿರುತ್ತದೆ, ಪ್ರೌಢ ವಯಸ್ಸಿನ ಕಾಮ ಅದರ ಕೊನೆಯ ರೂಪ ಮಾತ್ರ ಎಂದು ವಾದಿಸಿದರು. ಆ ಪ್ರೇರಣೆಗೆ ಲಿಬಿಡೊ ಎಂದು ಹೆಸರಿಟ್ಟರು. ಮೊದಲ ಒಂದೂವರೆ ವರ್ಷ ಅದರ ನೆಲೆ ಬಾಯಿ. ಮೂರು ವರ್ಷದವರೆಗೆ ಮಲವಿಸರ್ಜನೆ ಮತ್ತು ಅದರ ಹತೋಟಿ; ನೀವು ಕೇಳಿದ ‘ಗುದ ಹಂತ’ ಇದೇ. ಮೂರರಿಂದ ಐದಾರು ವರ್ಷದವರೆಗೆ ಜನನೇಂದ್ರಿಯ ಮತ್ತು ತಂದೆತಾಯಿಗಳ ಮೇಲಿನ ಮೋಹ. ಆಮೇಲೆ ಹರೆಯದವರೆಗೆ ಒಂದು ಬಗೆಯ ಸುಪ್ತಾವಸ್ಥೆ. ಕೊನೆಗೆ ಪ್ರೌಢ ಹಂತ. ಈ ಐದೂ ಒಮ್ಮೆಗೇ ಹೊಳೆದವಲ್ಲ. ಎರಡನೆಯ ಹಂತದ ಚಿತ್ರ 1913ರ ಹೊತ್ತಿಗೆ ಸ್ಪಷ್ಟವಾಯಿತು. ಮೂರನೆಯ ಹಂತಕ್ಕೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 1923ರಲ್ಲಿ. ಪಠ್ಯಪುಸ್ತಕದ ಕೋಷ್ಟಕ ಎಷ್ಟು ಅಚ್ಚುಕಟ್ಟಾಗಿ ಕಾಣುತ್ತದೆಯೋ ಸಿದ್ಧಾಂತದ ಇತಿಹಾಸ ಅಷ್ಟು ಅಚ್ಚುಕಟ್ಟಾಗಿಲ್ಲ.

ಈ ಹಂತಗಳು ವ್ಯಕ್ತಿತ್ವವನ್ನು ರೂಪಿಸುವುದು ಹೇಗೆ ಎಂಬ ಪ್ರಶ್ನೆಗೆ ಫ್ರಾಯ್ಡ್ ಕೊಟ್ಟ ಉತ್ತರ ‘ಸ್ಥಿರೀಕರಣ’. ಇದನ್ನು ವಿವರಿಸಲು ಅವರು ವಲಸೆ ಹೊರಟ ಜನಾಂಗದ ಉಪಮೆಯನ್ನು ಬಳಸಿದ್ದರು: ದಾರಿಯ ತಂಗುದಾಣಗಳಲ್ಲಿ ಹೆಚ್ಚು ಜನರನ್ನು ಬಿಟ್ಟು ಮುಂದೆ ಹೋದ ಗುಂಪು, ಮುಂದೆ ಶತ್ರು ಎದುರಾಗಿ ಸೋತಾಗ ಸಹಜವಾಗಿಯೇ ಆ ತಂಗುದಾಣಗಳಿಗೆ ಹಿಮ್ಮೆಟ್ಟುತ್ತದೆ. ಮನಸ್ಸಿನ ಶಕ್ತಿಯ ಹೆಚ್ಚು ಪಾಲು ಯಾವ ಹಂತದಲ್ಲಿ ಸಿಕ್ಕಿಕೊಂಡಿದೆಯೋ, ಕಷ್ಟ ಬಂದಾಗ ವ್ಯಕ್ತಿ ಆ ಹಂತದ ರೀತಿನೀತಿಗಳಿಗೆ ಮರಳುತ್ತಾನೆ ಎಂಬುದು ಇದರ ತಾತ್ಪರ್ಯ. ಫ್ರಾಯ್ಡ್ ಅವರ ಅನುಯಾಯಿ, ಬರ್ಲಿನ್ನಿನ ಕಾರ್ಲ್ ಅಬ್ರಹಾಂ 1920ರ ದಶಕದಲ್ಲಿ ಇದನ್ನು ಮತ್ತಷ್ಟು ಸೂಕ್ಷ್ಮಗೊಳಿಸಿ, ಬಾಯಿಯ ಹಂತವನ್ನು ಚೀಪುವ ಕಾಲ ಮತ್ತು ಕಚ್ಚುವ ಕಾಲ ಎಂದು ಎರಡಾಗಿ ಒಡೆದರು. ಪರರನ್ನು ನೆಚ್ಚಿಕೊಂಡಿರುವ ಸ್ವಭಾವ, ಅತಿಯಾದ ಆಶಾವಾದ, ಚುಚ್ಚುಮಾತು ಇವೆಲ್ಲ ಬಾಯಿಯ ಹಂತದ ಗುರುತುಗಳೆಂಬ ಮಾತು ಪಠ್ಯಗಳಿಗೆ ಬಂದದ್ದು ಬಹುಮಟ್ಟಿಗೆ ಅವರ ಬರಹಗಳಿಂದ.

ಇಲ್ಲೊಂದು ತೊಡಕನ್ನು ನೀವು ಗಮನಿಸಬೇಕು. ಸ್ಥಿರೀಕರಣಕ್ಕೆ ಕಾರಣ ಏನು? ಆ ಹಂತದಲ್ಲಿ ಮಗುವಿಗೆ ಸುಖ ತೀರ ಕಡಿಮೆಯಾಗಿರಬಹುದು, ಇಲ್ಲವೇ ತೀರ ಹೆಚ್ಚಾಗಿರಬಹುದು. ಪರಿಣಾಮ ಏನು? ಮಲದ ಹತೋಟಿಯ ಹಂತದಲ್ಲಿ ಸಿಕ್ಕಿಕೊಂಡವನು ವಿಪರೀತ ಅಚ್ಚುಕಟ್ಟಿನವನಾಗಬಹುದು, ವಿಪರೀತ ಕೊಳಕನೂ ಆಗಬಹುದು. ಕೊಳಕಿನ ಆಸೆಯನ್ನು ಅದುಮಿ ಅದಕ್ಕೆ ವಿರುದ್ಧವಾದ ನಡತೆಯನ್ನು ಕಟ್ಟಿಕೊಳ್ಳುವುದಕ್ಕೆ ‘ಪ್ರತಿಕ್ರಿಯಾ ರೂಪಣೆ’ ಎಂಬ ಹೆಸರು ಸಿದ್ಧವಾಗಿದೆ. ಎರಡು ವಿರುದ್ಧ ಕಾರಣಗಳು, ಎರಡು ವಿರುದ್ಧ ಫಲಗಳು. ಹೀಗಿರುವಾಗ ಬೇಗ ಹಾಲು ಬಿಡಿಸಿದ ತಾಯಿಯೂ ತಪ್ಪಿತಸ್ಥೆ, ತಡವಾಗಿ ಬಿಡಿಸಿದವಳೂ ತಪ್ಪಿತಸ್ಥೆ. ಮಗು ಹೇಗೆ ಬೆಳೆದರೂ ಸಿದ್ಧಾಂತ ಸೋಲುವುದಿಲ್ಲ. ಎಲ್ಲವನ್ನೂ ವಿವರಿಸಬಲ್ಲ ಸಿದ್ಧಾಂತದಿಂದ ಯಾವುದನ್ನೂ ಮುಂದಾಗಿ ಹೇಳಲು ಬರುವುದಿಲ್ಲ.

ಇದನ್ನು ಫ್ರಾಯ್ಡ್ ಸ್ವತಃ ಬಲ್ಲರು. 1920ರಲ್ಲಿ ಪ್ರಕಟವಾದ ಯುವತಿಯೊಬ್ಬಳ ಪ್ರಕರಣದಲ್ಲಿ ಅವರು ಸ್ಪಷ್ಟವಾಗಿಯೇ ಒಪ್ಪಿಕೊಳ್ಳುತ್ತಾರೆ: ಕೊನೆಯ ಫಲಿತಾಂಶದಿಂದ ಹಿಂದಕ್ಕೆ ಹೋಗುವಾಗ ಘಟನೆಗಳ ಸರಪಣಿ ಎಲ್ಲೂ ಕಡಿಯದಂತೆ ತೋರುತ್ತದೆ, ಆದರೆ ಆರಂಭದ ಸಂಗತಿಗಳಿಂದ ಮುಂದಕ್ಕೆ ಹೊರಟರೆ ಹೀಗೆಯೇ ಆಗಬೇಕಿತ್ತು ಎಂಬ ಅನಿವಾರ್ಯತೆ ಕಾಣುವುದಿಲ್ಲ, ಬೇರೆ ಫಲವೂ ಬರಬಹುದಿತ್ತು ಅನಿಸುತ್ತದೆ. ಪರೀಕ್ಷೆಗೆ ಕೇಳುವ ಕೋಷ್ಟಕದ ಕೆಳಗೆ ಈ ಒಂದು ಮಾತನ್ನು ಅಚ್ಚು ಹಾಕಿದ್ದರೆ ಎಷ್ಟೋ ತಾಯಂದಿರ ನಿದ್ದೆ ಉಳಿಯುತ್ತಿತ್ತು.

ಮಕ್ಕಳನ್ನು ಕುರಿತ ಈ ಸಿದ್ಧಾಂತಕ್ಕೆ ಮಕ್ಕಳಿಂದ ಸಿಕ್ಕ ಪುರಾವೆ ಎಷ್ಟು ಎಂದೂ ಕೇಳಬೇಕು. ಫ್ರಾಯ್ಡ್ ಅವರ ರೋಗಿಗಳು ಬಹುತೇಕ ವಯಸ್ಕರು. ಮಗುವಿನ ಒಂದೇ ಒಂದು ದೊಡ್ಡ ಪ್ರಕರಣವೆಂದರೆ 1909ರಲ್ಲಿ ಪ್ರಕಟವಾದ ‘ಪುಟ್ಟ ಹಾನ್ಸ್’ನದು. ಐದು ವರ್ಷದ ಈ ಹುಡುಗನಿಗೆ ಬೀದಿಗೆ ಹೋದರೆ ಕುದುರೆ ಕಚ್ಚುತ್ತದೆಂಬ ಭಯ. ಚಿಕಿತ್ಸೆ ಮಾಡಿದವನು ಅವನ ತಂದೆ. ಮಗ ಹೇಳಿದ್ದನ್ನೆಲ್ಲ ಬರೆದುಕೊಂಡು ಫ್ರಾಯ್ಡ್‌ಗೆ ಒಪ್ಪಿಸುತ್ತಿದ್ದ. ಚಿಕಿತ್ಸೆಯ ಅವಧಿಯಲ್ಲಿ ಫ್ರಾಯ್ಡ್ ಆ ಹುಡುಗನೊಂದಿಗೆ ಕುಳಿತು ಮಾತಾಡಿದ್ದು ಒಂದೇ ಸಲ. ಕುದುರೆ ಎಂದರೆ ತಂದೆ, ಕಚ್ಚುವುದೆಂದರೆ ತಾಯಿಯ ಮೇಲಿನ ಮೋಹಕ್ಕೆ ತಂದೆ ಕೊಡಬಹುದಾದ ಶಿಕ್ಷೆ ಎಂಬುದು ಅವರ ವಿವರಣೆ. ಆದರೆ ಭಾರದ ಬಂಡಿಯೊಂದಕ್ಕೆ ಕಟ್ಟಿದ್ದ ಕುದುರೆ ಬೀದಿಯಲ್ಲಿ ಕುಸಿದು ಬಿದ್ದು ಕಾಲು ಝಾಡಿಸಿದ್ದನ್ನು ಆ ಮಗು ಕಣ್ಣಾರೆ ಕಂಡಿತ್ತು. ಆ ಭಯಕ್ಕೆ ಅದಕ್ಕಿಂತ ದೂರದ ಕಾರಣ ಏಕೆ ಬೇಕು ಎಂದು 1960ರಲ್ಲಿ ವರ್ತನಾ ಚಿಕಿತ್ಸೆಯ ತಜ್ಞರಾದ ವೋಲ್ಪೆ ಮತ್ತು ರಾಕ್ಮನ್ ಕೇಳಿದರು. ಹಾನ್ಸ್ ಹತ್ತೊಂಬತ್ತರ ಹರೆಯದಲ್ಲಿ ಫ್ರಾಯ್ಡ್ ಅವರನ್ನು ಭೇಟಿಯಾದಾಗ ಅವನಿಗೆ ಈ ಪ್ರಸಂಗದ ನೆನಪೇ ಇರಲಿಲ್ಲ. ಮುಂದೆ ಹರ್ಬರ್ಟ್ ಗ್ರಾಫ್ ಎಂಬ ತನ್ನ ನಿಜನಾಮದಲ್ಲಿ ಹೆಸರಾಂತ ಆಪೆರಾ ನಿರ್ದೇಶಕನಾದ.

ಈಗ ನಿಮ್ಮ ಬೇವಿನ ವಿಷಯಕ್ಕೆ ಬರುತ್ತೇನೆ. ತಾಯಿಯೊಂದಿಗಿನ ನಂಟು ಮೂಲತಃ ಹಾಲಿನಿಂದ, ಬಾಯಿಯ ಸುಖದಿಂದ ಹುಟ್ಟುತ್ತದೆ ಎಂಬ ಕಲ್ಪನೆಗೆ ದೊಡ್ಡ ಪೆಟ್ಟು ಬಿದ್ದದ್ದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮನೋವಿಜ್ಞಾನಿ ಹ್ಯಾರಿ ಹಾರ್ಲೊ ನಡೆಸಿದ ಪ್ರಯೋಗಗಳಿಂದ. 1958ರಲ್ಲಿ ಅವರು ಅವನ್ನು ಲೋಕದ ಮುಂದಿಟ್ಟರು. ತಾಯಿಯಿಂದ ಬೇರ್ಪಡಿಸಿದ ರೀಸಸ್ ಕೋತಿಮರಿಗಳ ಪಂಜರದಲ್ಲಿ ಎರಡು ಗೊಂಬೆತಾಯಂದಿರು: ಒಂದು ಬರಿಯ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿದೆ. ಹಾಲಿನ ಬಾಟಲಿಯನ್ನು ತಂತಿಯ ತಾಯಿಗೆ ಕಟ್ಟಿದರೂ ಮರಿಗಳು ಕುಡಿಯಲು ಮಾತ್ರ ಅಲ್ಲಿಗೆ ಹೋಗಿ, ದಿನದ ಹೆಚ್ಚು ಹೊತ್ತು ಬಟ್ಟೆಯ ತಾಯಿಯನ್ನೇ ತಬ್ಬಿಕೊಂಡಿರುತ್ತಿದ್ದವು; ಹೆದರಿಸಿದಾಗ ಓಡಿ ಬರುತ್ತಿದ್ದದ್ದೂ ಅಲ್ಲಿಗೇ. ಪ್ರಯೋಗ ಕ್ರೂರವಾದದ್ದು, ಇಂದು ಅದಕ್ಕೆ ಅನುಮತಿ ಸಿಗುವುದು ಕಷ್ಟ. ಆದರೆ ಅದು ತೋರಿಸಿಕೊಟ್ಟ ಸಂಗತಿ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆ ಎರಡು ವರ್ಷ ಅಥವಾ ಅದಕ್ಕೂ ಮೀರಿ ಎದೆಹಾಲು ಮುಂದುವರಿಸಬಹುದೆಂದು ಸಲಹೆ ಮಾಡುವುದು ಪೋಷಣೆ ಮತ್ತು ರೋಗನಿರೋಧದ ಕಾರಣಕ್ಕೆ, ಸ್ವಭಾವದ ಕಾರಣಕ್ಕಲ್ಲ. ಕಹಿ ಹಚ್ಚಿ ಒಮ್ಮೆಗೇ ನಿಲ್ಲಿಸುವುದಕ್ಕಿಂತ ಒಂದೊಂದೇ ಹೊತ್ತಿನ ಹಾಲನ್ನು ತಪ್ಪಿಸುತ್ತ ಬರುವುದು ಮಗುವಿಗೂ ತಾಯಿಯ ಎದೆನೋವಿಗೂ ಹಿತ ಎಂಬುದು ನಿಜ, ಎರಡನೆಯ ಮಗುವಾದರೆ ಹಾಗೆ ಮಾಡಿ. ಆದರೆ ಆ ನಾಲ್ಕೈದು ರಾತ್ರಿ ಅವನು ಅಳುವಾಗ ನಿಮ್ಮ ಅಥವಾ ಅಜ್ಜಿಯ ಹೆಗಲ ಮೇಲೆಯೇ ಇದ್ದನಲ್ಲವೇ? ಲೆಕ್ಕಕ್ಕೆ ಬರುವುದು ಅದು.

ಮಲಮೂತ್ರದ ತರಬೇತಿಯ ಬಗ್ಗೆ ಇನ್ನೂ ನೇರವಾದ ಪುರಾವೆಯಿದೆ. ಅದೇ ವಿಸ್ಕಾನ್ಸಿನ್‌ನಲ್ಲಿ ವಿಲಿಯಂ ಸೀವೆಲ್ ಎಂಬ ಸಮಾಜಶಾಸ್ತ್ರಜ್ಞರು ರೈತಾಪಿ ಕುಟುಂಬಗಳ 162 ಮಕ್ಕಳನ್ನು ಪರೀಕ್ಷಿಸಿ 1952ರಲ್ಲಿ ಫಲಿತಾಂಶ ಪ್ರಕಟಿಸಿದರು. ಎದೆಹಾಲೋ ಬಾಟಲಿಯೋ, ಹಾಲು ಬಿಡಿಸಿದ್ದು ನಿಧಾನವಾಗಿಯೋ ಥಟ್ಟನೆಯೋ, ಶೌಚದ ತರಬೇತಿ ಶುರುವಾದದ್ದು ಬೇಗನೋ ತಡವೋ ಎಂಬ ವಿವರಗಳಿಗೂ ಐದಾರು ವರ್ಷದ ಆ ಮಕ್ಕಳ ವ್ಯಕ್ತಿತ್ವಕ್ಕೂ ಗಣನೀಯ ಸಂಬಂಧವೇ ಕಾಣಲಿಲ್ಲ. ನಮ್ಮ ಕಡೆ ಅಜ್ಜಿಯಂದಿರು ಕಾಲು ನೀಡಿ ಕುಳಿತು, ಎರಡು ಪಾದಗಳ ನಡುವೆ ಎಳೆಗೂಸನ್ನು ಕೂರಿಸಿ, ಶ್ಶ್ ಎಂದು ಸದ್ದು ಮಾಡುತ್ತ ಕೆಲವೇ ತಿಂಗಳ ವಯಸ್ಸಿನಲ್ಲಿ ರೂಢಿ ಮಾಡಿಸುತ್ತಾರೆ. ತರಬೇತಿ ಬೇಗ ಶುರುವಾದಷ್ಟೂ ಜಿಪುಣತನ ಹೆಚ್ಚುವುದಾದರೆ ಕರ್ನಾಟಕದಲ್ಲಿ ಮದುವೆಯೂಟವೇ ನಡೆಯುತ್ತಿರಲಿಲ್ಲ.

ಹಾಗಾದರೆ ನಿಮ್ಮ ಯಜಮಾನರ ಹಾಲಿನ ಕವರುಗಳು? ಇಲ್ಲಿ ಫ್ರಾಯ್ಡ್‌ಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. 1908ರ ಒಂದು ಚಿಕ್ಕ ಲೇಖನದಲ್ಲಿ ಅವರು ಅಚ್ಚುಕಟ್ಟು, ಮಿತವ್ಯಯ, ಹಠ ಈ ಮೂರು ಗುಣಗಳು ಒಬ್ಬರಲ್ಲೇ ಒಟ್ಟಾಗಿ ಕಾಣಿಸಿಕೊಳ್ಳುವುದನ್ನು ಗುರುತಿಸಿದರು. ನೀವು ಪತಿಯ ಬಗ್ಗೆ ಬರೆದ ಮೂರು ವಾಕ್ಯಗಳೂ ಇವೇ ಮೂರು ಗುಣಗಳು. ಅನಂತರ ಪ್ರಶ್ನಾವಳಿಗಳಿಂದ ಪರೀಕ್ಷಿಸಿದಾಗಲೂ ಇವು ತಕ್ಕಮಟ್ಟಿಗೆ ಜೊತೆಯಾಗಿಯೇ ಇರುತ್ತವೆಂದು ತಿಳಿದುಬಂತು. ಅಮೆರಿಕದ ಮನೋವೈದ್ಯರ ಇಂದಿನ ರೋಗನಿರ್ಣಯ ಕೈಪಿಡಿಯಲ್ಲಿ ಒಂದು ಬಗೆಯ ವ್ಯಕ್ತಿತ್ವ ದೋಷದ ಲಕ್ಷಣಗಳನ್ನು ನೋಡಿ: ಕ್ರಮ ಮತ್ತು ಪಟ್ಟಿಗಳ ಗೀಳು, ಹಣ ಬಿಚ್ಚದ ಸ್ವಭಾವ, ಪಟ್ಟು ಬಿಡದಿರುವುದು, ಕೆಲಸಕ್ಕೆ ಬಾರದ ವಸ್ತುವನ್ನೂ ಎಸೆಯಲಾಗದಿರುವುದು. ನೂರು ವರ್ಷ ಕಳೆದರೂ ವರ್ಣನೆ ಉಳಿದಿದೆ. ಉಳಿಯದಿರುವುದು ಕಾರಣ, ಈ ಗುಣಗಳನ್ನು ಬಾಲ್ಯದ ಶೌಚಕ್ಕೆ ಜೋಡಿಸುವ ಕೊಂಡಿ ಹುಡುಕಿದವರಿಗೆ ಸಿಗಲಿಲ್ಲ. ಅವಳಿಮಕ್ಕಳ ಅಧ್ಯಯನಗಳ ಪ್ರಕಾರ ಸ್ವಭಾವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸದ ಸುಮಾರು ಶೇಕಡ 40ರಿಂದ 50ರಷ್ಟು ಆನುವಂಶಿಕ. ಅದರ ಮೇಲೆ ಕೊರತೆಯ ಸಂಸಾರ, ತಿಂಗಳ ಕೊನೆಯ ಸಾಲ, ಎಲ್ಲವನ್ನೂ ಎತ್ತಿಡುವ ಹಿರಿಯರನ್ನು ನೋಡುತ್ತ ಬೆಳೆದದ್ದು ಇವೆಲ್ಲ ಸೇರುತ್ತವೆ. ನಿಮ್ಮ ಮಾವನವರ ಕೈಬರಹದ ಹಳೆಯ ಲೆಕ್ಕದ ಪುಸ್ತಕ ಮನೆಯಲ್ಲಿದ್ದರೆ ಒಮ್ಮೆ ತೆರೆದು ನೋಡಿ. ಲೆಕ್ಕ ಬರೆಯುವ ರೂಢಿ ದೋಷವಲ್ಲ. ಅದರಿಂದ ಅವರ ಉದ್ಯೋಗಕ್ಕೋ ಸಂಸಾರಕ್ಕೋ ತೊಂದರೆಯಾಗುತ್ತಿದ್ದರೆ ಮಾತ್ರ ಅದು ವೈದ್ಯರ ವಿಷಯ.

ಮಗ ಅಪ್ಪನನ್ನು ಒದ್ದು ತಳ್ಳುವುದು ಪಠ್ಯದ ಮೂರನೆಯ ಹಂತಕ್ಕೆ, ಅಂದರೆ ಈಡಿಪಸ್ ಸಂಕೀರ್ಣಕ್ಕೆ ಸೇರಿದ ಮಾತು. ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನೇ ಮದುವೆಯಾದ ಗ್ರೀಕ್ ಕತೆಯ ರಾಜ ಈಡಿಪಸ್‌ನಿಂದ ಬಂದ ಹೆಸರು ಅದು. ಹುಡುಗ ತಾಯಿಯನ್ನು ತನ್ನವಳನ್ನಾಗಿಸಿಕೊಳ್ಳಲು ಬಯಸಿ, ತಂದೆಯನ್ನು ಎದುರಾಳಿಯೆಂದು ಕಂಡು, ಶಿಕ್ಷೆಯ ಭಯದಿಂದ ಆ ಆಸೆಯನ್ನು ತೊರೆದು ತಂದೆಯಂತಾಗಲು ಹೊರಡುತ್ತಾನೆ, ಆತ್ಮಸಾಕ್ಷಿ ಹುಟ್ಟುವುದು ಹೀಗೆ ಎಂದು ಫ್ರಾಯ್ಡ್ ಬಗೆದರು. ಹುಡುಗಿಯರ ವಿಷಯದಲ್ಲಿ ಅವರ ವಿವರಣೆ ತೀರ ದುರ್ಬಲವಾದದ್ದು; ಮನೋವಿಶ್ಲೇಷಕಿ ಕರೆನ್ ಹಾರ್ನಿ 1920ರ ದಶಕದಲ್ಲಿಯೇ ಅದನ್ನು ಪ್ರಶ್ನಿಸಿದ್ದರು. ಇದು ಎಲ್ಲ ಸಮಾಜಗಳಿಗೂ ಒಂದೇ ಬಗೆಯಲ್ಲಿ ಅನ್ವಯಿಸುತ್ತದೆಯೇ ಎಂಬ ಸಂದೇಹ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಎದ್ದಿತ್ತು. 1922ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಮನೋವಿಶ್ಲೇಷಣಾ (ಫ್ರಾಯ್ಡ್ ಪದ್ಧತಿಯ ಚಿಕಿತ್ಸೆಯ) ಸಂಘವನ್ನು ಕಟ್ಟಿದ ಗಿರೀಂದ್ರಶೇಖರ ಬೋಸ್, ತಮ್ಮ ಭಾರತೀಯ ರೋಗಿಗಳಲ್ಲಿ ತಂದೆಯ ಶಿಕ್ಷೆಯ ಭಯ ಯುರೋಪಿನವರಲ್ಲಿದ್ದಷ್ಟು ಪ್ರಧಾನವಾಗಿ ಕಾಣುವುದಿಲ್ಲವೆಂದು ಫ್ರಾಯ್ಡ್‌ಗೇ ಬರೆದರು. ಮನೋವಿಶ್ಲೇಷಕ ಸುಧೀರ್ ಕಾಕರ್ ಅವರು 1978ರಲ್ಲಿ, ನಾಲ್ಕೈದು ವರ್ಷದವರೆಗೆ ತಾಯಿಯ ಮಡಿಲಲ್ಲೇ ಬೆಳೆದ ಭಾರತೀಯ ಹುಡುಗ ಇದ್ದಕ್ಕಿದ್ದಂತೆ ಗಂಡಸರ ಶಿಸ್ತಿನ ಲೋಕಕ್ಕೆ ಬಂದು ಬೀಳುವುದನ್ನೇ ಹೆಚ್ಚು ನಿರ್ಣಾಯಕವೆಂದು ವಾದಿಸಿದರು.

ನನಗೆ ಇವೆಲ್ಲಕ್ಕಿಂತ ಅರ್ಥಪೂರ್ಣವೆನಿಸುವುದು ಮೈಸೂರಿನವರಾದ ಕವಿ, ಜಾನಪದ ವಿದ್ವಾಂಸ ಎ.ಕೆ. ರಾಮಾನುಜನ್ ಎತ್ತಿ ತೋರಿಸಿದ ಕನ್ನಡದ ಜನಪದ ಕತೆ. ತನ್ನ ಮಗನನ್ನೇ ಮದುವೆಯಾಗುತ್ತಾಳೆಂಬ ಹಣೆಬರಹ ಹೊತ್ತ ಹೆಣ್ಣೊಬ್ಬಳು ಅದನ್ನು ತಪ್ಪಿಸಲು ಕಾಡು ಸೇರುತ್ತಾಳೆ. ಆದರೂ ಬಸಿರಾಗಿ, ಹುಟ್ಟಿದ ಕೂಸನ್ನು ತನ್ನ ಸೀರೆಯ ತುಂಡಿನಲ್ಲಿ ಸುತ್ತಿ ದೂರ ಮಾಡುತ್ತಾಳೆ. ವರ್ಷಗಳ ನಂತರ ತಿಳಿಯದೆ ಅವನನ್ನೇ ವರಿಸಿ ಒಂದು ಮಗುವನ್ನು ಹೆರುತ್ತಾಳೆ. ಸೀರೆಯ ತುಂಡು ಕಣ್ಣಿಗೆ ಬಿದ್ದ ದಿನ, ತೊಟ್ಟಿಲಲ್ಲಿರುವುದು ತನ್ನ ಮಗನೂ ಹೌದು, ಮೊಮ್ಮಗನೂ ಹೌದು, ಗಂಡನ ತಮ್ಮನೂ ಹೌದು ಎಂದು ಜೋಗುಳ ಹಾಡಿ ಪ್ರಾಣ ಬಿಡುತ್ತಾಳೆ. ಗ್ರೀಕರ ಈಡಿಪಸ್ ಕತೆ ಮಗನದು. ಇದು ತಾಯಿಯ ಕತೆ. ನಮ್ಮ ಪುರಾಣಗಳಲ್ಲಿಯೂ ಮಗ ತಂದೆಯನ್ನು ಕೊಲ್ಲುವುದಕ್ಕಿಂತ, ಯಯಾತಿಗೆ ಪೂರು ಯೌವನವನ್ನು ಒಪ್ಪಿಸಿದಂತೆ, ಮಗನೇ ತಂದೆಗಾಗಿ ತ್ಯಾಗ ಮಾಡುವುದು ಹೆಚ್ಚು ಎಂದು ರಾಮಾನುಜನ್ ಗಮನಿಸಿದರು. ಮೋಹವೂ ಪೈಪೋಟಿಯೂ ಎಲ್ಲ ಕುಟುಂಬಗಳಲ್ಲಿ ಇದ್ದೀತು, ಅದು ಯಾರಿಂದ ಯಾರ ಕಡೆಗೆ ಹರಿಯುತ್ತದೆ ಎಂಬುದನ್ನು ಆಯಾ ಮನೆಯ ಕಟ್ಟುಪಾಡು ತೀರ್ಮಾನಿಸುತ್ತದೆ. ನಿಮ್ಮ ಮನೆಯ ಮಟ್ಟಿಗೆ, ಮೂರು ವರ್ಷದ ಮಗು ಅಮ್ಮನ ಪಕ್ಕದ ಜಾಗಕ್ಕಾಗಿ ಜಗಳವಾಡುವುದು ಸಾಮಾನ್ಯ. ಅಪ್ಪ ಸಿಟ್ಟಾಗದೆ, ಜಾಗವನ್ನೂ ಬಿಟ್ಟುಕೊಡದೆ ಮಲಗಲಿ. ಬಂದ ನೆಂಟರ ಮುಂದೆ ಅದನ್ನು ಹೇಳಿ ನಗಬೇಡಿ, ಮಗುವಿಗೆ ಅವಮಾನ ಗೊತ್ತಾಗುತ್ತದೆ.

ಅವಮಾನದ ಮಾತು ಬಂದಾಗ ಎರಿಕ್ ಎರಿಕ್‌ಸನ್ ಅವರನ್ನು ನೆನೆಯಬೇಕು. ನಿಮ್ಮ ಪಠ್ಯದಲ್ಲಿ ಅವರೂ ಇದ್ದಾರು. ವಿಯೆನ್ನಾದಲ್ಲಿ ಫ್ರಾಯ್ಡ್ ಅವರ ಮಗಳು ಅನ್ನಾ ಫ್ರಾಯ್ಡ್ ಅವರ ಬಳಿ ತರಬೇತಿ ಪಡೆದು ಅಮೆರಿಕಕ್ಕೆ ಹೋದ ಎರಿಕ್‌ಸನ್, 1950ರಲ್ಲಿ ಹಂತಗಳ ಪಟ್ಟಿಯನ್ನೇ ತಿದ್ದಿ ಬರೆದರು. ದೇಹದ ಅಂಗದ ಬದಲು ಅವರು ಸಂಬಂಧವನ್ನು ಮುಂದಿಟ್ಟರು: ಮೊದಲ ವರ್ಷದ ಪ್ರಶ್ನೆ ಈ ಲೋಕವನ್ನು ನಂಬಬಹುದೇ ಎಂಬುದು, ಎರಡು ಮೂರನೆಯ ವರ್ಷದ್ದು, ನನ್ನ ಕೆಲಸ ನಾನು ಮಾಡಿಕೊಳ್ಳಬಲ್ಲೆನೇ, ಇಲ್ಲ ನಾಚಿ ಕುಗ್ಗಬೇಕೇ ಎಂಬುದು. ಹಂತಗಳು ಐದಲ್ಲ ಎಂಟು, ಕೊನೆಯದು ಮುಪ್ಪಿನದು. ಐದಾರು ವರ್ಷಕ್ಕೆ ಮನುಷ್ಯನ ಅಚ್ಚು ಗಟ್ಟಿಯಾಗಿಬಿಡುತ್ತದೆ ಎಂಬ ಹಟಮಾರಿ ನಂಬಿಕೆಯನ್ನು ಮನೋವಿಶ್ಲೇಷಣೆಯ ಒಳಗಿನಿಂದಲೇ ಸಡಿಲಿಸಿದ್ದು ಅವರ ದೊಡ್ಡ ಕೆಲಸ. ಆದರೂ ಎಂಟು ಹಂತಗಳು ಇದೇ ಕ್ರಮದಲ್ಲಿ ಎಲ್ಲರಿಗೂ ಬರುತ್ತವೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ; ಅದನ್ನು ನಕ್ಷೆಯಂತೆ ಬಳಸಿ, ಕಾನೂನಿನಂತೆ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಬಾಲ್ಯಕ್ಕೆ ಬೆಲೆಯೇ ಇಲ್ಲ ಎಂದುಕೊಂಡರೆ ಅದೂ ತಪ್ಪಾಗುತ್ತದೆ. ಇಂಗ್ಲೆಂಡಿನ ಮನೋವಿಶ್ಲೇಷಕ ಜಾನ್ ಬೌಲ್ಬಿ, ಆಸರೆಯಾಗುವ ಒಬ್ಬ ದೊಡ್ಡವರೊಂದಿಗೆ ಮಗು ಬೆಳೆಸಿಕೊಳ್ಳುವ ಬಾಂಧವ್ಯವನ್ನೇ ಕೇಂದ್ರಕ್ಕೆ ತಂದರು. ಅವರ ಸಹೋದ್ಯೋಗಿ ಮೇರಿ ಐನ್ಸ್‌ವರ್ತ್ ಅದನ್ನು ಕಣ್ಣಿಗೆ ಕಾಣುವ, ಅಳೆಯಬಹುದಾದ ನಡವಳಿಕೆಯನ್ನಾಗಿಸಿದರು. ಅತಿ ಕಠೋರವಾದ ಪರೀಕ್ಷೆ ಒದಗಿ ಬಂದದ್ದು ರುಮೇನಿಯಾದಲ್ಲಿ. 1989ರ ಕೊನೆಗೆ ಅಲ್ಲಿನ ಸರ್ವಾಧಿಕಾರ ಬಿದ್ದ ನಂತರ, ಆರೈಕೆಯೇ ಇಲ್ಲದ ಅನಾಥಾಲಯಗಳಿಂದ ಬ್ರಿಟನ್ನಿಗೆ ದತ್ತು ಹೋದ 165 ಮಕ್ಕಳನ್ನು ಮಕ್ಕಳ ಮನೋವೈದ್ಯ ಮೈಕೆಲ್ ರಟ್ಟರ್ ಅವರ ತಂಡ ಯೌವನದವರೆಗೂ ಹಿಂಬಾಲಿಸಿತು. ಆರು ತಿಂಗಳಿಗಿಂತ ಕಡಿಮೆ ಅಲ್ಲಿದ್ದವರು ಬಹುಪಾಲು ಇತರ ಮಕ್ಕಳಂತೆಯೇ ಬೆಳೆದರು. ಅದಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ ಗಮನದ, ಒಡನಾಟದ ತೊಂದರೆಗಳು ದೊಡ್ಡವರಾದ ಮೇಲೂ ಉಳಿದವು. ಅವರಲ್ಲಿಯೂ ಐದರಲ್ಲಿ ಒಬ್ಬರಿಗೆ ಅಂಥ ತೊಂದರೆ ಯಾವತ್ತೂ ಕಾಣಲಿಲ್ಲ. ಗುರುತು ಉಳಿಸಿದ್ದು ಒಂದು ವಾರದ ಅಳುವಲ್ಲ, ತಿಂಗಳಾನುಗಟ್ಟಲೆ ಯಾರೂ ಎತ್ತಿಕೊಳ್ಳದೆ ಹೋದದ್ದು.

ಮಗು ತಾನಾಗಿ ಹೊತ್ತು ತರುವ ಮನೋಧರ್ಮದ ಪಾಲನ್ನೂ ಮರೆಯಬಾರದು. ನ್ಯೂಜಿಲೆಂಡಿನ ಡನಿಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಮೂರನೆಯ ವರ್ಷದಲ್ಲಿ ನೋಡಿ, ಮತ್ತೆ ಇಪ್ಪತ್ತಾರನೆಯ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಚಡಪಡಿಕೆಯ ಮಕ್ಕಳಲ್ಲಿಯೂ ಮುದುಡಿಕೊಳ್ಳುವ ಮಕ್ಕಳಲ್ಲಿಯೂ ಆ ಛಾಯೆ ತುಸು ಉಳಿದಿತ್ತು. ತುಸು ಎಂಬ ಮಾತನ್ನು ಒತ್ತಿ ಓದಿ; ಒಬ್ಬ ನಿರ್ದಿಷ್ಟ ಮಗುವಿನ ಭವಿಷ್ಯವನ್ನು ಹೇಳಲು ಅದು ಸಾಲದು.

ಚಡ್ಡಿಯ ವಿಷಯದಲ್ಲಿ ಗದರುವುದನ್ನು ಮಾತ್ರ ನಿಲ್ಲಿಸಿ, ಅದಕ್ಕೆ ಕಾರಣ ವ್ಯಕ್ತಿತ್ವವಲ್ಲ. ಹೆದರಿದ ಮಗು ಮಲವನ್ನು ತಡೆಹಿಡಿಯುತ್ತದೆ, ತಡೆದದ್ದು ಗಟ್ಟಿಯಾಗಿ ನೋವು ಕೊಡುತ್ತದೆ, ನೋವಿಗೆ ಹೆದರಿ ಮತ್ತಷ್ಟು ತಡೆಯುತ್ತದೆ. ಈ ಸುಳಿಗೆ ಸಿಕ್ಕರೆ ಬಿಡಿಸಲು ಬಹಳ ದಿನ ಬೇಕು. ಬೆಳಿಗ್ಗೆ ತಿಂಡಿಯಾದ ಮೇಲೆ ಐದು ನಿಮಿಷ ಕೂರಿಸಿ, ಆದರೆ ಸರಿ, ಆಗದಿದ್ದರೂ ಸರಿ ಎಂಬಂತೆ ಎಬ್ಬಿಸಿ. ಕಾಲು ಬಿಗಿಹಿಡಿದು ಮೂಲೆಯಲ್ಲಿ ನಿಲ್ಲುವುದು, ಮೂರು ನಾಲ್ಕು ದಿನಕ್ಕೊಮ್ಮೆ ಮಾತ್ರ ಗಟ್ಟಿಯಾಗಿ ಹೋಗುವುದು, ರಕ್ತದ ಗೆರೆ ಕಾಣುವುದು ಇವುಗಳಲ್ಲಿ ಯಾವುದಿದ್ದರೂ ಮಕ್ಕಳ ವೈದ್ಯರಿಗೆ ತೋರಿಸಿ.